ಮನೆಯ ಯಂತ್ರ: ಮೊದಲು ಮಾತು ಕೇಳಲಿ

ಹಬ್ಬದ ರಿಯಾಯಿತಿಯಲ್ಲಿ ಕೊಂಡು ತಂದ ಹೋಮ್ ಥಿಯೇಟರು ಮನೆಗೆ ಬಂದು ಎಂಟು ದಿನ ಕಳೆಯುವುದರೊಳಗೆ ಒಂದು ದೂರು ಏಳುವುದುಂಟು: "ಹಾಡು ಬಂದರೆ ಗುಡುಗು, ಮಾತು ಬಂದರೆ ಪಿಸುಮಾತು." ಹೊಡೆದಾಟದ ದೃಶ್ಯಕ್ಕೆ ಪಕ್ಕದ ಮನೆಯವರು ಗೋಡೆ ತಟ್ಟುತ್ತಾರೆ. ಸಂಭಾಷಣೆಯ ದೃಶ್ಯಕ್ಕೆ ಅಜ್ಜಿಯು ಮೊಮ್ಮಗನ ತೋಳು ತಟ್ಟಿ, "ಏನಂದನೋ ಅವನು?" ಎಂದು ಕೇಳುತ್ತಾರೆ. ಮೊಮ್ಮಗನಿಗೂ ಕೇಳಿಸಿರುವುದಿಲ್ಲ, ಪರದೆಯ ಕೆಳಗೆ ಓಡುವ ಇಂಗ್ಲಿಷ್ ಅಕ್ಷರ ಓದಿಕೊಂಡು ಅವನು ಕಥೆ ತಿಳಿದಿರುತ್ತಾನೆ, ಅಷ್ಟೆ.

ಇದು ಸಣ್ಣ ವಿಷಯವೆಂದು ತಳ್ಳಿಹಾಕುವಂತಿಲ್ಲ. ಪೆರಂಬೂರಿನ ನಮ್ಮ ಮಕ್ಕಳಿಗೆ ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷು. ಕನ್ನಡ ಕಿವಿಗೆ ಬೀಳುವುದು ಮನೆಯೊಳಗೆ ಮಾತ್ರ. ಅಲ್ಲಿಯೂ ಅಪ್ಪ ಅಮ್ಮ ಆಡುವ ಮಾತಿನಾಚೆಗೆ ಧಾರವಾಡದ ಕನ್ನಡ, ಮಂಗಳೂರಿನ ಕನ್ನಡ, ಮಂಡ್ಯದ ಕನ್ನಡ ಎಂಬ ಬಗೆಗಳು ಅವರಿಗೆ ದೊರೆಯುವುದು ಬಹುಮಟ್ಟಿಗೆ ಚಲನಚಿತ್ರಗಳಿಂದಲೇ. ಆ ಮಾತೇ ಕೇಳದಿದ್ದರೆ ಸಾವಿರಾರು ರೂಪಾಯಿಯ ಯಂತ್ರದಿಂದ ಮನೆಗೆ ಬಂದ ಲಾಭವೇನು? ದೋಷವು ಬಹಳ ಸಲ ಯಂತ್ರದ್ದಲ್ಲ, ಜೋಡಣೆಯದು. ಸರಿಪಡಿಸುವುದು ಮಹಾವಿದ್ಯೆಯೂ ಅಲ್ಲ. ಒಂದು ಭಾನುವಾರದ ಮಧ್ಯಾಹ್ನದ ಕೆಲಸ.

ಮೊದಲು ರಿಸೀವರ್ ಎಂದರೇನು ತಿಳಿಯೋಣ. ಅದರ ಬೆನ್ನಿನ ಮೇಲಿನ ತೂತುಗಳನ್ನು ಕಂಡು ಹೆದರುವವರೇ ಹೆಚ್ಚು. ಐ.ಸಿ.ಎಫ್. ಕಾರ್ಖಾನೆ 1955ರ ಅಕ್ಟೋಬರ್ 2ರಂದು ಉದ್ಘಾಟನೆಯಾದಂದಿನಿಂದ ರೈಲು ಡಬ್ಬಿಗಳನ್ನು ಕಟ್ಟುತ್ತಿರುವ ಊರು ನಮ್ಮದು. ಆದ್ದರಿಂದ ರೈಲಿನ ಮಾತಿನಲ್ಲಿಯೇ ಹೇಳಬಹುದು. ರಿಸೀವರ್ ಒಂದು ಜಂಕ್ಷನ್. ಸೆಟ್ ಟಾಪ್ ಬಾಕ್ಸ್, ಡಿಸ್ಕ್ ಪ್ಲೇಯರ್, ಟೆಲಿವಿಷನ್ ಇವುಗಳಿಂದ ಗಾಡಿಗಳು ಒಳಗೆ ಬರುತ್ತವೆ. ಆ ತೂತುಗಳ ಮೇಲೆ 'ಇನ್' ಎಂದು ಬರೆದಿರುತ್ತದೆ. ಸ್ಪೀಕರುಗಳಿಗೂ ಪರದೆಗೂ ಗಾಡಿಗಳು ಹೊರಡುತ್ತವೆ. ಅಲ್ಲಿ 'ಔಟ್' ಎಂದಿರುತ್ತದೆ. ಬರುವುದು ಯಾವುದು, ಹೋಗುವುದು ಯಾವುದು ಎಂದು ಗುರುತಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆಯೇ.

ಇನ್ನು ಸ್ಪೀಕರುಗಳು. ಐದು ಸ್ಪೀಕರು, ಒಂದು ಸಬ್‌ವೂಫರ್ ಇದ್ದರೆ ಅದಕ್ಕೆ 5.1 ಎನ್ನುತ್ತಾರೆ. ಎದುರಿಗೆ ಎಡ, ಬಲ, ನಡು ಎಂದು ಮೂರು. ಕೂರುವವರ ಎರಡು ಪಕ್ಕಗಳಲ್ಲಿ ತುಸು ಹಿಂದಕ್ಕೆ ಎರಡು. ಇವುಗಳಲ್ಲಿ ನಡುವಿನದೇ ಮನೆಯ ಹಿರಿಯ. ಈಗಿನ ಚಿತ್ರಗಳಲ್ಲಿ ಸಂಭಾಷಣೆಯ ಹೆಚ್ಚು ಪಾಲು ಬರುವುದು ಅದರಿಂದಲೇ. ಅದನ್ನು ಕಪಾಟಿನ ಒಳಗೆ ತಳ್ಳಿ, ಮುಂದೆ ಬೊಂಬೆ ಜೋಡಿಸಿಟ್ಟರೆ ಮಾತು ಮಂಕಾಗುವುದು ಸಹಜ. ಟೆಲಿವಿಷನ್ನಿನ ಕೆಳಗೆ, ಹಲಗೆಯ ಅಂಚಿಗೆ ಸರಿಯಾಗಿ ಇಟ್ಟು, ಮುಖ ಕೂತವರ ಕಿವಿಯ ಕಡೆಗೆ ತುಸು ಮೇಲೆತ್ತಿ. ಅಡಿಗೆ ರಬ್ಬರಿನ ಒಂದು ತುಂಡು ಸಾಕು.

ಜಾಗ ಸಾಲದೆ ನಡುವಿನ ಸ್ಪೀಕರನ್ನೇ ಕೆಲವರು ಇಡುವುದಿಲ್ಲ. ಅದಕ್ಕೂ ದಾರಿಯುಂಟು. ಆದರೆ ರಿಸೀವರಿನ ಪಟ್ಟಿಯಲ್ಲಿ ನಡುವಿನ ಸ್ಪೀಕರ್ ಇದೆ ಎಂದೇ ಉಳಿದಿದ್ದರೆ, ಅದು ಮಾತನ್ನೆಲ್ಲ ಇಲ್ಲದ ಸ್ಪೀಕರಿಗೆ ಕಳುಹಿಸುತ್ತಿರುತ್ತದೆ! ಪಟ್ಟಿಯಲ್ಲಿ 'ಸೆಂಟರ್' ಎಂಬಲ್ಲಿ 'ನನ್' ಎಂದು ಬದಲಾಯಿಸಿರಿ. ಆಗ ಆ ಮಾತು ಎಡಬಲಗಳಿಗೆ ಹಂಚಿಹೋಗುತ್ತದೆ.

ತಂತಿ ಜೋಡಿಸುವ ಮುನ್ನ ಎಲ್ಲ ಯಂತ್ರಗಳ ಪ್ಲಗ್ಗನ್ನೂ ಗೋಡೆಯಿಂದ ಕಿತ್ತಿಡತಕ್ಕದ್ದು. ಸ್ವಿಚ್ ಆರಿಸಿದರೆ ಸಾಲದು. ಸಾಧಾರಣ ಕೋಣೆಗೆ 1.5 ಚದರ ಮಿಲಿಮೀಟರಿನ ತಾಮ್ರದ ಸ್ಪೀಕರ್ ತಂತಿ ಧಾರಾಳ. ರಿಚ್ಚಿ ಸ್ಟ್ರೀಟಿಗೆ ಹೋದವರು ಅಳತೆ ಹೇಳಿ ಕೇಳಿದರೆ ಸಾಕು, ಚಿನ್ನದ ಬಣ್ಣದ ಹೊದಿಕೆಗೆ ಹಣ ಸುರಿಯಬೇಕಾಗಿಲ್ಲ. ತುದಿಯಲ್ಲಿ ಒಂದು ಸೆಂಟಿಮೀಟರಿನಷ್ಟು ಸುಲಿದು, ಎಳೆಗಳನ್ನು ದೀಪದ ಬತ್ತಿಯಂತೆ ಹೊಸೆಯಿರಿ. ಒಂದೇ ಒಂದು ಎಳೆ ಪಕ್ಕದ ತಿರುಪಿಗೆ ತಾಗಿದರೂ ಶಾರ್ಟ್ ಆಗಿ ರಿಸೀವರು ತಾನಾಗಿ ಆರಿಹೋಗಬಹುದು, ಇಲ್ಲವೆ ಸುಟ್ಟೇ ಹೋಗಬಹುದು.

ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಎಂಬುದು ಮುಖ್ಯ ಸೂತ್ರ. ತಂತಿಯ ಒಂದು ಎಳೆಯ ಮೇಲೆ ಗೆರೆಯೋ ಬೇರೆ ಬಣ್ಣವೋ ಇರುತ್ತದೆ; ಅದನ್ನು ಎರಡು ತುದಿಯಲ್ಲೂ ಕೆಂಪಿಗೇ ಹಾಕಿರಿ. ಒಂದು ಸ್ಪೀಕರಿನಲ್ಲಿ ತಲೆಕೆಳಗಾದರೆ ಏನೂ ಸುಡುವುದಿಲ್ಲ. ಆದರೆ ಒಂದರ ಪರದೆ ಮುಂದಕ್ಕೆ ಬರುವಾಗ ಮತ್ತೊಂದರದು ಹಿಂದಕ್ಕೆ ಹೋಗಿ, ಮೃದಂಗದ ಗುಮಕಿ ಕಳೆದು, ಮಾತು ಎಲ್ಲಿಂದಲೋ ಬಂದ ಹಾಗೆ ಟೊಳ್ಳಾಗಿ ಕೇಳುತ್ತದೆ.

ರಿಸೀವರಿನ ಬೆನ್ನಿನ ಮೇಲೆ ಓಮ್ ಎಂಬ ಅಂಕಿಯೂ ಇರುತ್ತದೆ. ಅಲ್ಲಿ 6ರಿಂದ 16 ಎಂದಿದ್ದರೆ 4 ಓಮಿನ ಸ್ಪೀಕರ್ ಹಾಕಬಾರದು. ಯಂತ್ರದಿಂದ ಹೆಚ್ಚು ವಿದ್ಯುತ್ತನ್ನು ಎಳೆದು ಅದನ್ನು ಕಾಯಿಸುತ್ತದೆ. ಮನೆಯಲ್ಲಿ ಉಳಿದ ಹಳೆಯ ಟೇಪ್ ರೆಕಾರ್ಡರಿನ ಸ್ಪೀಕರನ್ನು ಅದೇ ತಿರುಪಿಗೆ ಸೇರಿಸಿ ಕಟ್ಟುವುದೂ ಇದೇ ಕಾರಣದಿಂದ ಅಪಾಯ.

ಸಬ್‌ವೂಫರಿಗೆ ಸಾಮಾನ್ಯವಾಗಿ ತನ್ನದೇ ಪ್ಲಗ್ ಇರುತ್ತದೆ. ರಿಸೀವರಿನಿಂದ ಒಂದೇ ಒಂದು ಕೇಬಲ್ ಹೋದರೆ ಸಾಕು. ಪಟ್ಟಿಯಲ್ಲಿ 'ಕ್ರಾಸ್‌ಓವರ್' ಎಂದಿರುವಲ್ಲಿ 80 ಹರ್ಟ್ಸ್ ಇಟ್ಟರೆ ಬಹುಪಾಲು ಮನೆಗಳಿಗೆ ಹೊಂದುತ್ತದೆ. ಅದನ್ನು ಗೋಡೆಯ ಮೂಲೆಗೆ ಒತ್ತಿ ಇಟ್ಟಷ್ಟೂ ಗುಡುಗು ಜಾಸ್ತಿ, ಕೆಳಗಿನ ಮನೆಯವರ ಮುನಿಸೂ ಜಾಸ್ತಿ.

ಈಗ ಟೆಲಿವಿಷನ್. 2009ರಲ್ಲಿ ಎಚ್.ಡಿ.ಎಂ.ಐ. 1.4 ಎಂಬ ಕ್ರಮ ಬಂದಂದಿನಿಂದ ಎ.ಆರ್.ಸಿ. ಎಂಬ ಅನುಕೂಲ ಒದಗಿದೆ. ಅಂದರೆ ಚಿತ್ರವು ರಿಸೀವರಿನಿಂದ ಪರದೆಗೆ ಹೋಗುವ ಅದೇ ಕೇಬಲಿನಲ್ಲಿ, ಪರದೆಯೊಳಗಿನ ಆ್ಯಪುಗಳ ಧ್ವನಿ ರಿಸೀವರಿಗೆ ಹಿಂದಿರುಗಿ ಬರುತ್ತದೆ. ಸೆಟ್ ಟಾಪ್ ಬಾಕ್ಸಿನ ಕೇಬಲನ್ನು ರಿಸೀವರಿನ ಒಂದು 'ಇನ್'ಗೆ ಹಾಕಿ. ರಿಸೀವರಿನ 'ಔಟ್'ನಿಂದ ಟೆಲಿವಿಷನ್ನಿನಲ್ಲಿ 'ಎ.ಆರ್.ಸಿ.' ಎಂದು ಬರೆದಿರುವ ತೂತಿಗೇ ಇನ್ನೊಂದನ್ನು ಹಾಕಿ. ಪಕ್ಕದ ತೂತು ನೋಡಲು ಹಾಗೆಯೇ ಇದ್ದರೂ ಧ್ವನಿ ಹಿಂದಿರುಗದು. ಬಳಿಕ ಎರಡೂ ಯಂತ್ರಗಳ ಪಟ್ಟಿಯಲ್ಲಿ ಸಿ.ಇ.ಸಿ. ಎಂಬುದನ್ನು ಚಾಲೂ ಮಾಡಿ. ಒಂದೊಂದು ಕಂಪನಿ ಇದಕ್ಕೆ ಒಂದೊಂದು ಹೆಸರಿಟ್ಟಿರುವುದರಿಂದ ಕೈಪಿಡಿ ತೆರೆದು ನೋಡುವುದು ಒಳ್ಳೆಯದು. ಎ.ಆರ್.ಸಿ. ಇಲ್ಲದ ಹಳೆಯ ಟೆಲಿವಿಷನ್ನಾದರೆ ಆಪ್ಟಿಕಲ್ ಕೇಬಲ್ ಆ ಕೆಲಸ ಮಾಡುತ್ತದೆ. ಎರಡರಲ್ಲಿ ಯಾವುದಾದರೂ, ಟೆಲಿವಿಷನ್ನಿನ ಧ್ವನಿಯ ಪಟ್ಟಿಯಲ್ಲಿ 'ಪಿ.ಸಿ.ಎಂ.' ಎಂದಿದ್ದರೆ ಎರಡೇ ಸ್ಪೀಕರಿನಷ್ಟು ಧ್ವನಿ ಬರುತ್ತದೆ. 'ಆಟೊ' ಅಥವಾ 'ಬಿಟ್‌ಸ್ಟ್ರೀಮ್' ಎಂದು ಇಡಿ.

ಹಳೆಯ ಚಿತ್ರಗಳ ವಿಚಾರ ಬೇರೆಯೇ. ಕನ್ನಡ ಚಿತ್ರಗಳು ಬಹುಕಾಲ ತಯಾರಾದದ್ದು ನಮ್ಮ ಈ ಮದರಾಸಿನ ಸ್ಟುಡಿಯೋಗಳಲ್ಲಿಯೇ ಎಂಬುದು ಇಲ್ಲಿನ ಹಿರಿಯರಿಗೆ ಗೊತ್ತು. 1954ರ 'ಬೇಡರ ಕಣ್ಣಪ್ಪ'ನ ಕಾಲದಲ್ಲಿ ಧ್ವನಿ ಇದ್ದದ್ದು ಒಂದೇ ಸಾಲಿನಲ್ಲಿ. ಎಡವೂ ಇಲ್ಲ, ಬಲವೂ ಇಲ್ಲ. ಅಂಥದನ್ನು 'ಆಲ್ ಚಾನೆಲ್ ಸ್ಟೀರಿಯೋ' ಎಂದು ಹಾಕಿದರೆ ಒಂದೇ ಮಾತು ಐದು ಕಡೆಯಿಂದ ಬಂದು ಕಲಸಿಹೋಗುತ್ತದೆ. 'ಡಾಲ್ಬಿ ಸರೌಂಡ್' ಅಥವಾ 'ಪ್ರೊ ಲಾಜಿಕ್' ಎಂಬುದನ್ನು ಒತ್ತಿರಿ; ಎರಡು ಬದಿಯಲ್ಲೂ ಒಂದೇ ಆಗಿರುವ ಧ್ವನಿಯನ್ನು ಅದು ನಡುವಿನ ಸ್ಪೀಕರಿಗೆ ಕಳುಹಿಸುತ್ತದೆ, ಮಾತು ನಟನ ಬಾಯಿಂದಲೇ ಬಂದಂತಾಗುತ್ತದೆ. ಈ ಹೆಸರಿನ ಮೂಲಪುರುಷ ರೇ ಡಾಲ್ಬಿಯವರು 1965ರಲ್ಲಿ ಲಂಡನ್ನಿನಲ್ಲಿ ತಮ್ಮ ಸಂಸ್ಥೆಯನ್ನು ಆರಂಭಿಸುವುದಕ್ಕೆ ಮುಂಚೆ, 1963ರಿಂದ ಯುನೆಸ್ಕೋದ ಸಲಹೆಗಾರರಾಗಿ ಭಾರತದಲ್ಲಿಯೇ ಇದ್ದವರು.

ಜೋಡಣೆ ಮುಗಿದ ಮೇಲೆ 'ಟೆಸ್ಟ್ ಟೋನ್' ಒತ್ತಿ. ಒಂದೊಂದಾಗಿ ಎಲ್ಲ ಸ್ಪೀಕರುಗಳಿಂದಲೂ ಉಸಿರಿನಂಥ ಶಬ್ದ ಬರಬೇಕು. ಬಳಿಕ ಹಾಡನ್ನಲ್ಲ, ಇಬ್ಬರು ಮೆಲ್ಲಗೆ ಮಾತನಾಡುವ ದೃಶ್ಯವನ್ನು ಹಾಕಿ ನೋಡಿ. ಪೇಪರ್ ಮಿಲ್ಸ್ ರಸ್ತೆಯ ಬಸ್ಸಿನ ಸದ್ದು ಕಿಟಕಿಯಿಂದ ಬರುತ್ತಿದ್ದರೆ ಒಳ್ಳೆಯದೇ ಆಯಿತು. ದಿನವೂ ಇರುವ ಸದ್ದಿನ ನಡುವೆಯೇ ಮಾತು ಕೇಳಬೇಕಷ್ಟೆ. ಸಾಲದಿದ್ದರೆ ಒಟ್ಟು ಧ್ವನಿಯನ್ನು ಏರಿಸಬೇಡಿ. ನಡುವಿನ ಸ್ಪೀಕರನ್ನು ಮಾತ್ರ 2 ಅಥವಾ 3 ಡೆಸಿಬೆಲ್ ಏರಿಸಿ. ರಾತ್ರಿಯ ಹೊತ್ತಿಗೆ 'ನೈಟ್ ಮೋಡ್' ಇದ್ದರೆ ಹಾಕಿ. ಗುಡುಗನ್ನು ತಗ್ಗಿಸಿ ಪಿಸುಮಾತನ್ನು ಏರಿಸುವುದೇ ಅದರ ಕೆಲಸ. ತುಟಿಗೂ ಮಾತಿಗೂ ತಾಳ ತಪ್ಪಿದರೆ 'ಲಿಪ್ ಸಿಂಕ್' ಎಂಬಲ್ಲಿ ಸರಿಪಡಿಸಬಹುದು.

ಇನ್ನೆರಡು ಎಚ್ಚರಿಕೆಗಳು. ರಿಸೀವರಿನ ತಲೆಯ ಮೇಲೆ ಕಸೂತಿಯ ಬಟ್ಟೆ ಹೊದಿಸಬೇಡಿ. ಅದರ ಬಿಸಿ ಹೊರಗೆ ಹೋಗಲೇಬೇಕು. 2015ರ ಡಿಸೆಂಬರಿನ ನೆರೆಯನ್ನೂ 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತವನ್ನೂ ಕಂಡ ನಮ್ಮ ನಗರದಲ್ಲಿ ಯಾವ ಯಂತ್ರವನ್ನೂ ನೆಲಕ್ಕೆ ತಾಗಿಸಿ ಇಡುವುದು ಜಾಣತನವಲ್ಲ. ಸಿಡಿಲು ಮಳೆ ಬರುವ ಮುನ್ನವೇ ಪ್ಲಗ್ಗನ್ನೂ ಟಿ.ವಿ. ಕೇಬಲನ್ನೂ ಕಿತ್ತಿಡಿ.

ಕೊನೆಗೆ, ಪ್ರತಿ ತಂತಿಯ ಎರಡು ತುದಿಗೂ ಒಂದೊಂದು ಚೀಟಿ ಕಟ್ಟಿರಿ: ಎಡ, ಬಲ, ನಡು, ಹಿಂದಿನ ಎಡ, ಹಿಂದಿನ ಬಲ. ಬರೆಯುವ ಕೆಲಸವನ್ನು ಮಕ್ಕಳಿಗೆ ಕೊಡಿ, ಕನ್ನಡದಲ್ಲಿಯೇ ಬರೆಯಲಿ. ಮುಂದೆ ಮನೆ ಬದಲಾಯಿಸುವ ದಿನ ಆ ಚೀಟಿಗಳು ಉಪಯೋಗಕ್ಕೆ ಬರುತ್ತವೆ.