ಹನ್ನೆರಡರಿಂದ ಇನ್ನೂರ ಮೂವತ್ತಕ್ಕೆ, ಮತ್ತೆ ಹನ್ನೆರಡಕ್ಕೆ

ಮನೆಯಲ್ಲಿ ಇನ್ವರ್ಟರ್ ಇದೆ, ಬ್ಯಾಟರಿಯೂ ಹೊಸದು. ಕರೆಂಟು ಹೋದರೆ ದೀಪ ಆರುವುದಿಲ್ಲ, ಫ್ಯಾನು ನಿಲ್ಲುವುದಿಲ್ಲ. ಕಂಪ್ಯೂಟರ್ ಮಾತ್ರ ತಟ್ಟನೆ ಕಣ್ಣು ಮುಚ್ಚಿ, ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಹೀಗೇಕೆ?

2020ರಲ್ಲಿ ಕೊರೊನಾ ಬಂದು ಶಾಲೆಯೂ ಕಚೇರಿಯೂ ಮನೆಯ ನಡುಮನೆಗೇ ಬಂದು ಕುಳಿತ ಮೇಲೆ ಈ ಪ್ರಶ್ನೆ ಕೇಳುವವರು ಹೆಚ್ಚಾದರು. ಬೆಂಗಳೂರಿನ ಕೆಲಸವನ್ನು ಊರಿನಿಂದಲೇ ಮಾಡುತ್ತಿದ್ದ ಹಳೆಯ ವಿದ್ಯಾರ್ಥಿಗಳು, ಅವರಲ್ಲೂ ಮಲೆನಾಡಿನವರು ಹೆಚ್ಚು. ಅಲ್ಲಿ ಆಷಾಢದ ಮಳೆಗಾಳಿಗೆ ತಂತಿಯ ಮೇಲೆ ಒಂದು ಮರ ಬಿದ್ದರೆ ಕರೆಂಟು ಮರಳುವ ಹೊತ್ತನ್ನು ಯಾರೂ ಹೇಳಲಾರರು. ಬರೆದದ್ದು ಅರ್ಧ ಪುಟ ಹೋದರೆ ಮತ್ತೆ ಬರೆಯಬಹುದು. ಸಂದರ್ಶನದ ನಡುವೆಯೋ, ಅರ್ಜಿಯ ಕೊನೆಯ ದಿನವೋ ಹೀಗಾದರೆ ಅದನ್ನು ಯಾರಿಗೆ ಹೇಳಿಕೊಳ್ಳುವುದು?

ಅಂಗಡಿಯಲ್ಲಿ ಕೇಳಿದರೆ ಸಿಗುವ ಉತ್ತರ ಬಹುಮಟ್ಟಿಗೆ ಒಂದೇ: 'ಇನ್ನೂ ದೊಡ್ಡದು ಹಾಕಿಸಿ ಸಾರ್.' ದೊಡ್ಡದು ಹಾಕಿಸಿದರೂ ಕಂಪ್ಯೂಟರ್ ಆರುತ್ತಲೇ ಇರಬಹುದು. ಏಕೆಂದರೆ ತೊಂದರೆ ಇರುವುದು ಗಾತ್ರದಲ್ಲಲ್ಲ, ವೇಳೆಯಲ್ಲಿ.

ಕರೆಂಟು ಹೋದೊಡನೆ ಇನ್ವರ್ಟರಿನೊಳಗೆ 'ಟಕ್' ಎಂಬ ಸದ್ದಾಗುವುದನ್ನು ನೀವು ಕೇಳಿರಬಹುದು. ಅದು ರಿಲೇ. ಮನೆಯ ವೈರಿಂಗನ್ನು ಕಂಬದ ತಂತಿಯಿಂದ ಬಿಡಿಸಿ ಬ್ಯಾಟರಿಯ ಕಡೆಗೆ ತಿರುಗಿಸುವ ಕೆಲಸ ಅದರದು. ಇದಕ್ಕೆ ಕೆಲವು ಮಿಲಿಸೆಕೆಂಡು ಬೇಕು. ಫ್ಯಾನು ತನ್ನ ಓಟದ ಬಲದಲ್ಲೇ ಆ ಹೊತ್ತನ್ನು ಕಳೆಯುತ್ತದೆ. ದೀಪ ಮಿಟುಕಿದರೂ ನಮ್ಮ ಕಣ್ಣು ಅದನ್ನು ದೊಡ್ಡದು ಮಾಡುವುದಿಲ್ಲ. ಕಂಪ್ಯೂಟರಿನ ಪವರ್ ಸಪ್ಲೈಯಲ್ಲಿ ಕೆಪಾಸಿಟರ್ ಎಂಬ ಸಣ್ಣ ತೊಟ್ಟಿಯಿದೆ. ಪೂರ್ಣ ಹೊರೆಯಿದ್ದಾಗ ಅದರಲ್ಲಿರುವ ವಿದ್ಯುತ್ತು ಸುಮಾರು 16 ಮಿಲಿಸೆಕೆಂಡಿಗೆ ಸಾಕು, ಅಂದರೆ ನಮ್ಮ 50 ಹರ್ಟ್ಜ್ ಕರೆಂಟಿನ ಒಂದು ಸುತ್ತಿಗಿಂತಲೂ ಕಡಿಮೆ. ರಿಲೇ ಅಷ್ಟರೊಳಗೆ ತಿರುಗಿದರೆ ಕಂಪ್ಯೂಟರಿಗೆ ಕರೆಂಟು ಹೋದ ಸುದ್ದಿಯೇ ತಿಳಿಯದು. ತಡವಾದರೆ ತೊಟ್ಟಿ ಬರಿದು.

ಇದಕ್ಕೆ ಔಷಧ ಅನೇಕ ಇನ್ವರ್ಟರುಗಳ ಬೆನ್ನಿನಲ್ಲೇ ಇದೆ. ಅಲ್ಲೊಂದು ಪುಟ್ಟ ಸ್ವಿಚ್ಚು. ಒಂದು ಕಡೆ 'ಯುಪಿಎಸ್', ಇನ್ನೊಂದು ಕಡೆ 'ಇಕೋ' ಅಥವಾ 'ನಾರ್ಮಲ್' ಎಂದಿರುತ್ತದೆ. ಯುಪಿಎಸ್ ಕಡೆಗೆ ತಳ್ಳಿದರೆ ರಿಲೇ ಬೇಗ ತಿರುಗುತ್ತದೆ, ಸಾಮಾನ್ಯವಾಗಿ ಕಂಪ್ಯೂಟರ್ ಆರುವುದು ನಿಲ್ಲುತ್ತದೆ. ಕಾಸು ಖರ್ಚಿಲ್ಲ. ಆದರೆ ಹಳ್ಳಿಯ ಓದುಗರು ಒಂದು ಮಾತು ಗಮನಿಸಬೇಕು. ಯುಪಿಎಸ್ ಸ್ಥಿತಿಯಲ್ಲಿ ಇನ್ವರ್ಟರ್ ಸ್ವಲ್ಪ ಮಡಿವಂತ. ವೋಲ್ಟೇಜು ಸುಮಾರು 180ಕ್ಕಿಂತ ಕೆಳಗಿಳಿದರೆ ಕಂಬದ ಕರೆಂಟನ್ನು ಮುಟ್ಟದೆ ಬ್ಯಾಟರಿಗೆ ಹೋಗುತ್ತದೆ. ಸಂಜೆ ಊರಿಗೆಲ್ಲ ಮಂದ ಕರೆಂಟು ಇದ್ದಾಗ ನಿಮ್ಮ ಬ್ಯಾಟರಿ ಸದ್ದಿಲ್ಲದೆ ಕರಗುತ್ತಿರುತ್ತದೆ. ಅಂಥ ಕಡೆ ಇನ್ವರ್ಟರನ್ನು ಇಕೋದಲ್ಲೇ ಇಟ್ಟು, ಕಂಪ್ಯೂಟರಿಗೆ ಪ್ರತ್ಯೇಕವಾಗಿ ಒಂದು ಚಿಕ್ಕ ಯುಪಿಎಸ್ ಇಡುವುದು ಮೇಲು. ಅದು ಹಿಡಿದಿಡಬೇಕಾದದ್ದು ರಿಲೇ ತಿರುಗುವ ಆ ಕ್ಷಣವನ್ನು ಮಾತ್ರ.

ಎರಡನೆಯದು ಅಲೆಯ ಆಕಾರ. ಬ್ಯಾಟರಿ ಕೊಡುವುದು 12 ವೋಲ್ಟಿನ ನೇರ ವಿದ್ಯುತ್ತು. ಇನ್ವರ್ಟರ್ ಅದನ್ನು 230 ವೋಲ್ಟಿನ ಪರ್ಯಾಯ ವಿದ್ಯುತ್ತಾಗಿ ಮಾಡುತ್ತದೆ. ಕಂಬದ ಕರೆಂಟಿನ ಅಲೆ ನುಣುಪಾಗಿ 325 ವೋಲ್ಟಿನವರೆಗೆ ಏರಿ ಇಳಿಯುತ್ತದೆ. ಅಗ್ಗದ 'ಸ್ಕ್ವೇರ್ ವೇವ್' ಇನ್ವರ್ಟರಿನ ಅಲೆ ಮಾಳಿಗೆ ಮನೆಯ ತಾರಸಿಯಂತೆ ಸಪಾಟು. ಫ್ಯಾನು ಗುಂಯ್‌ಗುಡುವುದು ಇದರಿಂದಲೇ. ಕಂಪ್ಯೂಟರಿನ ಹೊಸ ಬಗೆಯ ಕೆಲವು ಪವರ್ ಸಪ್ಲೈಗಳು ಈ ಸಪಾಟು ಅಲೆಯನ್ನು ಒಪ್ಪದೆ ಆರಿಬಿಡುತ್ತವೆ. ಈಗ ಕೊಳ್ಳುವವರು 'ಸೈನ್ ವೇವ್' ಎಂದು ಬರೆದಿರುವುದನ್ನೇ ಕೊಳ್ಳಿ. ಈ ಒಂದು ವಿಷಯದಲ್ಲಿ ಜಿಪುಣತನ ಬೇಡ.

ಇಲ್ಲೊಂದು ತಮಾಷೆಯಿದೆ. ಇಷ್ಟೆಲ್ಲ ಕಷ್ಟಪಟ್ಟು 230ಕ್ಕೆ ಏರಿಸಿದ ವಿದ್ಯುತ್ತನ್ನು ಕಂಪ್ಯೂಟರ್ ಏನು ಮಾಡುತ್ತದೆ? ಮತ್ತೆ ನೇರ ವಿದ್ಯುತ್ತಾಗಿ ತಿರುಗಿಸಿ 12, 5, 3.3 ವೋಲ್ಟುಗಳಿಗೆ ಇಳಿಸುತ್ತದೆ! ಪಕ್ಕದ ಮನೆಗೆ ಹೋಗಲು ಊರು ಸುತ್ತಿ ಬಂದ ಹಾಗೆ. ದಾರಿಯುದ್ದಕ್ಕೂ ಶಾಖವಾಗಿ ಸೋರುವುದೇ ನಷ್ಟ. ಹಾಗೆಂದು ಯಾವುದನ್ನೂ ನೇರವಾಗಿ ಬ್ಯಾಟರಿಗೆ ಸಿಕ್ಕಿಸಬೇಡಿ. 12 ವೋಲ್ಟಿನ ಬ್ಯಾಟರಿ ಚಾರ್ಜ್ ಆಗುವಾಗ 14 ವೋಲ್ಟು ದಾಟುತ್ತದೆ. ಇಂಟರ್‌ನೆಟ್ಟಿನ ರೂಟರಿಗೆಂದೇ ಪುಟ್ಟ ಡಿ.ಸಿ. ಯುಪಿಎಸ್‌ಗಳು ಸಿಗುತ್ತವೆ, ಅವು ಊರು ಸುತ್ತದೆ ಪಕ್ಕದ ಮನೆಗೇ ಹೋಗುತ್ತವೆ.

ಇನ್ನು, ಎಷ್ಟು ಹೊತ್ತು ಬರುತ್ತದೆ ಎಂಬ ಲೆಕ್ಕ. ಇದನ್ನು ನಿಮ್ಮ ಮನೆಯ ಏಳನೇ ತರಗತಿಯ ಹುಡುಗಿಯಿಂದಲೇ ಮಾಡಿಸಿ. ಬ್ಯಾಟರಿಯ ಮೇಲೆ 150 ಆಂಪಿಯರ್-ಅವರ್ ಎಂದಿದೆ. 12ರಿಂದ ಗುಣಿಸಿದರೆ 1800 ವ್ಯಾಟ್-ಗಂಟೆ, ನಮ್ಮ ಮೀಟರಿನ ಭಾಷೆಯಲ್ಲಿ 1.8 ಯೂನಿಟ್. ಅಂಗಡಿಯ ಲೆಕ್ಕ ಇಲ್ಲಿಗೆ ಮುಗಿಯುತ್ತದೆ, ನಮ್ಮದು ಮುಗಿಯಬಾರದು. ಸೀಸದ ಬ್ಯಾಟರಿ ಕೊಡವಲ್ಲ, ಕೊನೆಯ ಹನಿಯವರೆಗೆ ಬಗ್ಗಿಸಲು. ವಿದ್ಯುತ್ತು ಹೊರಬರುತ್ತಿದ್ದಂತೆ ಅದರ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ, ಗಂಧಕಾಮ್ಲ ತೆಳುವಾಗುತ್ತದೆ. ಬೇಗ ಚಾರ್ಜ್ ಮಾಡಿದರೆ ಆ ಸಲ್ಫೇಟ್ ಕರಗಿಹೋಗುತ್ತದೆ. ಪೂರ್ತಿ ಬರಿದು ಮಾಡಿ ದಿನಗಟ್ಟಲೆ ಹಾಗೆಯೇ ಬಿಟ್ಟರೆ ಹರಳುಗಟ್ಟಿ ಗಟ್ಟಿಯಾಗುತ್ತದೆ. ಆ ಭಾಗ ಮತ್ತೆ ಕೆಲಸಕ್ಕೆ ಬಾರದು. ಆದ್ದರಿಂದ ಅರ್ಧವನ್ನಷ್ಟೇ ನಮ್ಮದೆಂದು ಎಣಿಸೋಣ: 900. ಇನ್ವರ್ಟರಿನಲ್ಲಿ ನೂರಕ್ಕೆ 15ರಷ್ಟು ಶಾಖವಾಗಿ ಹೋದರೆ ಉಳಿದದ್ದು 765.

ಪರದೆಯೂ ಸೇರಿ ಮೇಜಿನ ಕಂಪ್ಯೂಟರ್ 120 ವ್ಯಾಟ್ ತಿನ್ನುತ್ತದೆ ಎಂದಿಟ್ಟುಕೊಳ್ಳಿ. ಅದೊಂದೇ ಆದರೆ ಆರು ಗಂಟೆ ಚಿಲ್ಲರೆ. ಆದರೆ ಕತ್ತಲೆಯಲ್ಲಿ, ಸೆಕೆಯಲ್ಲಿ ಯಾರು ಕೂರುತ್ತಾರೆ? 75 ವ್ಯಾಟಿನ ಹಳೆಯ ಫ್ಯಾನು, 20ರ ಎರಡು ದೀಪ, 10ರ ರೂಟರ್ ಸೇರಿಸಿದರೆ 245. ಮೂರು ಗಂಟೆಗೆ ಮುಗಿಯಿತು. ಅದೇ ಜಾಗದಲ್ಲಿ 50 ವ್ಯಾಟಿನ ಲ್ಯಾಪ್‌ಟಾಪ್ ಇದ್ದರೆ ನಾಲ್ಕು ಗಂಟೆ ದಾಟುತ್ತದೆ. ಕೆಲಸ ಮುಖ್ಯವಾದ ದಿನ ಫ್ಯಾನನ್ನೂ ಆರಿಸಿದರೆ ಏಳು ಗಂಟೆ. ಬ್ಯಾಟರಿ ಹಳತಾದಂತೆ ಈ ಅಂಕಿಗಳೆಲ್ಲ ಕುಗ್ಗುತ್ತವೆ. ಲೇಸರ್ ಪ್ರಿಂಟರನ್ನು ಮಾತ್ರ ಈ ಸಾಲಿಗೆ ಸೇರಿಸಲೇಬೇಡಿ. ಅದರೊಳಗೆ ಇಸ್ತ್ರಿಪೆಟ್ಟಿಗೆಯಂಥ ಕಾಯುವ ಉರುಳೆಯಿದೆ.

ಕಾರಿನ ಹಳೆಯ ಬ್ಯಾಟರಿ ಇದೆ, ಅದನ್ನೇ ಹಾಕಬಹುದೇ ಎಂದು ಕೇಳುವವರಿದ್ದಾರೆ. ಹಾಕಬಹುದು, ಕೆಲವು ತಿಂಗಳಿಗೆ! ಅದರ ತೆಳು ಫಲಕಗಳು ಎಂಜಿನ್ ಎಬ್ಬಿಸಲು ಕೆಲವು ಸೆಕೆಂಡು ಭಾರಿ ಕರೆಂಟು ಕೊಡುವುದಕ್ಕೆ ಮಾಡಿದವು. ಗಂಟೆಗಟ್ಟಲೆ ನಿಧಾನವಾಗಿ ಕೊಡುವುದಕ್ಕೆ ಟ್ಯೂಬುಲರ್ ಬ್ಯಾಟರಿಯೇ ಬೇಕು.

ಬ್ಯಾಟರಿಯ ತಂತಿಯ ಬಗ್ಗೆ ಯಾರೂ ಯೋಚಿಸುವುದಿಲ್ಲ. ಮೇಲಿನ 245 ವ್ಯಾಟಿಗೆ ಮನೆಯ ವೈರಿನಲ್ಲಿ ಹರಿಯುವುದು ಒಂದು ಆಂಪಿಯರಿನ ಆಸುಪಾಸು. ಬ್ಯಾಟರಿಯ ತಂತಿಯಲ್ಲಿ ಸುಮಾರು 24 ಆಂಪಿಯರ್. ವೋಲ್ಟೇಜು ಇಳಿದಷ್ಟೂ ಕರೆಂಟು ಏರಲೇಬೇಕಲ್ಲ. ಆದ್ದರಿಂದ ಆ ತಂತಿ ದಪ್ಪವಿರಲಿ, ಗಿಡ್ಡವಿರಲಿ, ಟರ್ಮಿನಲ್ಲಿನ ನಟ್ಟು ಬಿಗಿಯಿರಲಿ. ಸಡಿಲವಾದ ಜಾಗ ಕಾಯುತ್ತದೆ, ಕೆಲವೊಮ್ಮೆ ಕಿಡಿಯುತ್ತದೆ. ಚಾರ್ಜ್ ಆಗುವ ಬ್ಯಾಟರಿಯಿಂದ ಜಲಜನಕ ಹೊರಬರುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಭಾಗವಾದರೂ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಬ್ಯಾಟರಿಯನ್ನು ಮಂಚದ ಕೆಳಗೋ, ದೀಪ ಹಚ್ಚುವ ದೇವರ ಕೋಣೆಯ ಮೂಲೆಗೋ ತಳ್ಳಿದ ಮನೆಗಳನ್ನು ಕಂಡಿದ್ದೇನೆ. ಅದಕ್ಕೆ ಗಾಳಿಯಾಡುವ ಜಾಗ ಕೊಡಿ.

ಹೀಗೆ ಜಲಜನಕವೂ ಆಮ್ಲಜನಕವೂ ಆಗಿ ಹಾರಿಹೋಗುವುದು ಒಳಗಿನ ನೀರೇ. ತಿಂಗಳಿಗೊಮ್ಮೆ ಮಟ್ಟ ನೋಡಿ, ಇಳಿದಿದ್ದರೆ ಇನ್ವರ್ಟರ್ ಆರಿಸಿ, ಕಣ್ಣಿಗೆ ಸಿಡಿಯದಂತೆ ಮುಖ ದೂರವಿಟ್ಟು ಡಿಸ್ಟಿಲ್ಡ್ ವಾಟರ್ ಹಾಕಿ. ಆಮ್ಲ ಹಾಕಬಾರದು, ಅದು ಎಲ್ಲಿಗೂ ಹೋಗಿಲ್ಲ. ಬಾವಿಯ ನೀರು ಎಷ್ಟೇ ಸಿಹಿಯಾಗಿದ್ದರೂ ಬೇಡ, ಅದರ ಲವಣಗಳು ಫಲಕಗಳನ್ನು ಕೆಡಿಸುತ್ತವೆ. ಡಿಸ್ಟಿಲ್ಡ್ ವಾಟರಿನ ಕ್ಯಾನು ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ಮಳೆಗಾಲಕ್ಕೆ ಮುಂಚೆಯೇ ಒಂದನ್ನು ತಂದಿಡಿ.