ಕುಸರೆಳ್ಳಿಗೆ ಚೌಕಾಶಿ ಬ್ಯಾಡ್ರಿ

ದೀಪಾವಳಿ ಪಣತಿ ಇನ್ನೂ ತೊಳದು ಮ್ಯಾಲೆ ಇಟ್ಟಿಲ್ಲ, ಆಗಲೇ ಇಕಿ ಸಂಕ್ರಮಣದ ಮಾತು ತಗದ್ಲಲಾ ಅಂತ ನಗಬ್ಯಾಡ್ರಿ. ಕುಸರೆಳ್ಳಿನ ಮಾತು ಈಗ ಆಡಬೇಕು. ಜನವರಿ 12ಕ್ಕ ಆಡಿದ್ರ ಏನೂ ಉಪಯೋಗಿಲ್ಲ. ಮತ್ತ ನಂದೊಂದು ತಪ್ಪು ಒಪ್ಕೊಳ್ಳೂದದ. ಅದನ್ನೂ ಹಬ್ಬದ ಗದ್ದಲ ಸುರು ಆಗೂದ್ರೊಳಗ ಒಪ್ಕೊಂಡು ಬಿಡತೀನಿ.

ನಮ್ಮ ಹಿಂದಿನ ಓಣಿ ವೈನಿ ನಿಮಗೆಲ್ಲಾ ಗೊತ್ತು. ಹೆಸರು ಬರಿಯೂದಿಲ್ಲ, ಬರದ್ರ ನನಗ ಬೈತಾರ. ಇಪ್ಪತ್ತು ವರ್ಷಾತು, ನಮ್ಮ ಮೂರೂ ಓಣಿಗೆ ಅವರ ಮನಿ ಕುಸರೆಳ್ಳೇ. ಮೈತುಂಬ ಮುಳ್ಳು, ಬಿಳೇದು ಅಂದ್ರ ಮಲ್ಲಿಗಿ ಮೊಗ್ಗಿನಂಥಾದ್ದು, ಬಾಯಾಗ ಹಾಕ್ಕೊಂಡ್ರ ಮದ್ಲ ನಾಲಿಗಿಗೆ ಚುಚ್ಚಿ, ಆಮ್ಯಾಲೆ ಕರಗಿ, ಕಡೀಕ ಒಂದು ಎಳ್ಳು ಹಲ್ಲಿಗೆ ಸಿಗತದ. ಎರಡು ವರ್ಷದ ಹಿಂದ ಅವರ ಮನಿಗೆ ಹೋಗಿ ಮೂರು ಕಿಲೋ ಬೇಕು ಅಂದೆ. ಕಿಲೋಕ್ಕ 700 ಅಂದ್ರು. ನಾ ಏನಂದೆ ಗೊತ್ತದೇನು? "ಏನ್ರೀ ವೈನಿ, ಸಕ್ರಿ ಕಿಲೋಕ್ಕ 45 ರೂಪಾಯಿ, ಎಳ್ಳು ಹಾಕೂದು ಒಂದು ಮುಷ್ಟಿ. ಇದಕ್ಕ 700 ಅಂದ್ರ ಹೆಂಗ್ರೀ? ನಾವೇನು ಹೊರಗಿನವರೇನು? 500 ಮಾಡ್ರಿ." ಅವರು ನಕ್ಕು "ಆತು, ತಗೊಳ್ರಿ" ಅಂದ್ರು. ನಾ ಮನಿಗೆ ಬಂದು ನಮ್ಮನಿಯವರ ಮುಂದ 600 ರೂಪಾಯಿ ಉಳಿಸಿದೆ ಅಂತ ಜಂಬಾ ಕೊಚ್ಚಿದೆ.

ಹೋದ ವರ್ಷ ಕೇಳಲಿಕ್ಕೆ ಹೋದ್ರ ವೈನಿ, "ಈ ಸಲ ಎಳ್ಳು ಛೊಲೊ ಬಂದಿಲ್ರೀ, ಮಾಡೂದಿಲ್ಲ" ಅಂದ್ರು. ಎಳ್ಳು ಛೊಲೋನೇ ಬಂದಿತ್ತು. ಅವರು ತಗೊಳ್ಳೋ ಅಂಗಡ್ಯಾಗೇ ನಾನೂ ಎಳ್ಳ್ಹೋಳಗಿಗೆ ಅಂತ ಒಂದು ಕಿಲೋ ತಂದಿದ್ದೆ. ಇನ್ನ ಬಿಡಸಿ ಹೇಳಬೇಕೇನು.

ಪ್ಯಾಟ್ಯಾಗಿಂದ ತಂದ್ವಿ. ಗುಲಾಬಿ, ಹಸರು, ಹಳದಿ ಬಣ್ಣದ್ದು, ಗುಂಡಗ, ನುಣ್ಣಗ, ಹೋಮಿಯೋಪತಿ ಗುಳಿಗಿ ಇದ್ದಂಗ. ನಮ್ಮ ಅತ್ತಿಯವರಿಗೆ ಮದ್ಲ ಕೊಟ್ಟು ನಮಸ್ಕಾರ ಮಾಡಿದೆ. ಅವರು ಬಾಯಾಗ ಹಾಕ್ಕೊಂಡು, ಈ ಗಲ್ಲದಿಂದ ಆ ಗಲ್ಲಕ್ಕ ಹೊಳ್ಳಿಸಿ, "ಮುಳ್ಳs ಇಲ್ಲಲಾ" ಅಂದ್ರು. ಅಷ್ಟ. ಮತ್ತೊಂದು ಮಾತಾಡಲಿಲ್ಲ.

ಆವತ್ತು ಸಂಜೀಕೆ ನನಗ ಸಿಟ್ಟು ಬಂತು. ಏನು ಮಹಾ, ಸಕ್ರಿ ಪಾಕ, ಎಳ್ಳು, ಒಂದು ತಾಟು. ನಾನೇ ಮಾಡತೀನಿ ಅಂತ ಮರುದಿನ ಕೂತೆ. ಹಬ್ಬ ಮುಗದಿತ್ತು, ಆದ್ರ ರಥಸಪ್ತಮಿ ತನಕಾ ಕುಸರೆಳ್ಳು ಕೊಡೂ ಪದ್ಧತಿ ನಮ್ಮಲ್ಲದ ಅಲಾ, ಅದ ಧೈರ್ಯ.

ಬಿಳಿ ಎಳ್ಳು 50 ಗ್ರಾಮ್. ತೊಳದು, ನೆರಳಾಗ ಒಣಗಿಸಿ, ಸ್ವಲ್ಪ ಬೆಚ್ಚಗ ಮಾಡಿದೆ. ಎರಡು ವಾಟಗಾ ಸಕ್ರಿಗೆ ಒಂದು ವಾಟಗಾ ನೀರು ಹಾಕಿ ಕುದಿಸಿ, ಒಂದು ಚಮಚಾ ಹಾಲು ಬಿಟ್ಟೆ. ಹಾಲು ಬಿಟ್ರ ಸಕ್ರ್ಯಾಗಿನ ಹೊಲಸೆಲ್ಲಾ ನೊರಿ ಆಗಿ ಮ್ಯಾಲೆ ಬರತದ, ಅದನ್ನ ತಗದು ಅರಿವ್ಯಾಗ ಸೋಸಬೇಕು. ಪಾಕ ಒಂದೆಳಿ ಬಂದ್ರ ಸಾಕು, ದಪ್ಪ ಆಗಬಾರದು. ನಮ್ಮ ಅಜ್ಜಿ ಇದ್ದಲಿ ಶೇಗಡಿ ಮ್ಯಾಲೆ ಮಾಡತಿದ್ಲು, ಅದೂ ಬೂದಿ ಮುಚ್ಚಿದ ಕೆಂಡ. ನನ್ನ ಕಡೆ ಗ್ಯಾಸ್. ಸಣ್ಣ ಉರಿ ಇಟ್ಟು, ಮ್ಯಾಲೆ ಹಂಚು, ಹಂಚಿನ ಮ್ಯಾಲೆ ದಪ್ಪ ಹಿತ್ತಾಳಿ ತಾಟು ಇಟ್ಟೆ. ತಾಟಿನ್ಯಾಗ ಎಳ್ಳು ಹರವಿ ಒಂದೊಂದು ಸಣ್ಣ ಚಮಚಾ ಪಾಕ ಬಿಡೂದು, ಬಟ್ಟಿನ ತುದೀಲೆ ಹಗೂರಕ ಆಡಸೂದು. ಅದು ಪೂರಾ ಒಣಗಿದಮ್ಯಾಲೆ ಮತ್ತೊಂದು ಚಮಚಾ. ಮತ್ತ ಆಡಸೂದು. ಮತ್ತೊಂದು.

ಮದ್ಲನೇ ದಿನಾ ಎರಡೂವರಿ ತಾಸು ಕೂತೆ. ಏನಾತು ಅಂದ್ರ, ಎಳ್ಳು ಬೆಳ್ಳಗಾತು. ಅಷ್ಟ ಆತು. ಬೂದಿ ಬಡಕೊಂಡಂಗ ಕಾಣತಿತ್ತು. ಎರಡನೇ ದಿನಾ ಅಸಡ್ಡಾಳತನಾ ಮಾಡಿ, ಲಗೂನ ಆಗಲಿ ಅಂತ ಒಮ್ಮೆಲೇ ಎರಡು ಚಮಚಾ ಪಾಕ ಸುರದೆ. ಅರ್ಧ ತಾಟು ಚಿಕ್ಕಿ ಆತು! ಅದನ್ನ ಬಿಡಸಿ ಬಿಡಸಿ, ಬಿಡಲಾರದ್ದನ್ನ ಮಕ್ಕಳಿಗೆ ಕೊಟ್ಟು, ಉಳದದ್ರಾಗ ಮುಂದುವರಿಸಿದೆ. ಮೂರನೇ ದಿನಾ ಮೋಡ ಕವಿದಿತ್ತು. ಮೋಡ ಇದ್ದ ದಿನಾ ಮಾಡಬಾರದು ಅಂತ ಅಜ್ಜಿ ಅಂತಿದ್ದದ್ದು ಯಾಕ ಅನ್ನೂದು ಅವತ್ತು ತಿಳೀತು. ಹವಾದಾಗ ಪಸಿ ಇದ್ರ ಸಕ್ರಿ ಒಣಗಂಗೇ ಇಲ್ಲ, ಬಟ್ಟಿಗೆ ಅಂಟತದ. ಈ ತಿನಸು ಥಂಡಿ ದಿನದ ಹಬ್ಬಕ್ಕ ಯಾಕ ಬಂತು ಅನ್ನೂದಕ್ಕ ನನಗಂತೂ ಬ್ಯಾರೆ ಕಾರಣ ಬೇಕಾಗಿಲ್ಲ. ನಾಕನೇ ದಿನಾ ಬಿಸಲು ಬಿತ್ತು. ನಸುಕಿನ್ಯಾಗ ಕೂತೆ. ಒಂದು ತಾಸಿನ ಮ್ಯಾಲೆ ನೋಡತೀನಿ, ಎಳ್ಳಿನ ಮೈಮ್ಯಾಲೆ ಸಣ್ಣ ಸಣ್ಣ ಮುಳ್ಳು ಎದ್ದಾವ. ಒಮ್ಮೆ ಎದ್ದ್ವು ಅಂದ್ರ ಮುಂದಿನ ಪಾಕೆಲ್ಲಾ ಹೋಗಿ ಆ ಮುಳ್ಳಿನ ಮ್ಯಾಲೇ ಕೂಡತದ, ಅವು ಬೆಳಕೋತ ಹೋಗತಾವ. ಖರೇ ಹೇಳತೀನಿ, ಕಣ್ಣಾಗ ನೀರು ಬಂದ್ವು. ಬಟ್ಟಿನ ತುದಿ ಸುಟ್ಟಿದ್ದಕ್ಕೂ ಇರಬಹುದು.

ಜರಡಿ ಹಿಡದು, ಪುಡಿ, ಗಂಟು ಎಲ್ಲಾ ತಗದು ತೂಕಾ ಮಾಡಿದ್ರ 300 ಗ್ರಾಮ್ ಬಂತು. ಹತ್ತು ತಾಸಿನ ದುಡಿಮಿ. ಹಂಗಂದ್ರ ಒಂದು ಕಿಲೋ ಮಾಡಲಿಕ್ಕೆ ನನಗ ಮೂವತ್ತು ತಾಸಿನ ಮ್ಯಾಲೆ ಬೇಕು. ವೈನಿದು ಪಳಗಿದ ಕೈ, ಎರಡು ತಾಟು ಒಟ್ಟಿಗೇ ಆಡಸತಾರ, ಅವರಿಗೆ ಕಿಲೋಕ್ಕ 15 ತಾಸು ಹಿಡೀತದಂತ. ಈಗ ಲೆಕ್ಕಾ ಹಾಕೋಣ್ರಿ, ನಾವು ಕಿರಾಣಿ ಲೆಕ್ಕಾ ಛೊಲೊ ಹಾಕತೀವಿ. ಸಕ್ರಿ, ಎಳ್ಳು, ಹಾಲು, ಗ್ಯಾಸ್ ಎಲ್ಲಾ ಸೇರಿ 150 ರೂಪಾಯಿ ಅಂತ ಹಿಡೀರಿ. 700 ಕೊಟ್ರ ಅವರ ದುಡಿಮಿಗೆ ಉಳಿಯೂದು 550, ತಾಸಿಗೆ 37 ರೂಪಾಯಿ. ನಾ 500ಕ್ಕ ಇಳಿಸಿದಾಗ ಅವರಿಗೆ ಸಿಕ್ಕದ್ದು ತಾಸಿಗೆ 23. ನಾ ಸೀರಿಗೆ ಫಾಲ್ ಪಿಕೊ ಮಾಡಸಲಿಕ್ಕೆ 100 ರೂಪಾಯಿ ಬಾಯಿ ಮುಚ್ಚಕೊಂಡು ಕೊಡತೀನಿ. ಅಲ್ಲೆ ದಾರ ಎಷ್ಟಕ್ಕ ಬರತದ ಅಂತ ಕೇಳಂಗಿಲ್ಲ. ಕುಸರೆಳ್ಳಿಗೆ ಮಾತ್ರ ಸಕ್ರಿ ರೇಟು ಕೇಳತೀನಿ. ಹೆಸರಿನಾಗೇ ಕುಸುರಿ ಅದ, ಆ ಕುಸುರಿಗೆ ಬಿಟ್ಟು ಉಳದದ್ದಕ್ಕೆಲ್ಲಾ ರೊಕ್ಕಾ ಕೊಡಲಿಕ್ಕೆ ತಯಾರಿದ್ದೆ.

ನಾವು ಹಿಂಗ್ಯಾಕ ಆದ್ವಿ ಅಂತ ವಿಚಾರ ಮಾಡಿದ್ರ, ನನಗ ಅನಸೂದು ಹಿಂಗ. ನಮ್ಮ ಸಣ್ಣಂದಿರಾಗ ಕುಸರೆಳ್ಳು ಕೊಡೂದು ಅಂದ್ರ ಒಂದು ಚಿಟಿಕಿ. ಸಣ್ಣ ಬೆಳ್ಳಿ ಬಟ್ಟಲದಾಗಿಂದ ಅಂಗೈಯಾಗ ಹಾಕಿ, ಎಳ್ಳು ಬೆಲ್ಲದ್ಹಂಗ ಇರೋಣು ಅಂತ ಅಂದು, ದೊಡ್ಡವರ ಕಾಲಿಗೆ ಬಿದ್ದು ಬರತಿದ್ವಿ. ಮನ್ಯಾಗ ಮಾಡಿದ ಅರ್ಧ ಕಿಲೋ ಇಡೀ ಓಣಿಗೆ ಸಾಲತಿತ್ತು, ಮ್ಯಾಲೆ ಕೂಸಿಗೆ ಕರಿ ಎರಿಯೂ ಮುಂದ ಕಿರೀಟ, ಕೊಳಲು, ಬಾಜುಬಂದ ಮಾಡಲಿಕ್ಕೂ ಆಗತಿತ್ತು. ಈಗ ಒಬ್ಬೊಬ್ಬರಿಗೆ 50 ಗ್ರಾಮ್ ಪಾಕೀಟು ಬೇಕು. ಅದಕ್ಕೊಂದು ಜರದ ಚೀಲ, ಜೊತಿಗೊಂದು ಪ್ಲಾಸ್ಟಿಕ್ ಡಬ್ಬಿ. ಅರವತ್ತು ಮಂದಿಗೆ ಕೊಡೂದು ಅಂದಮ್ಯಾಲೆ ಮೂರು ಕಿಲೋ ಬೇಕೇ ಬೇಕು. ಮೂರು ಕಿಲೋ ಅಂದ್ರ ಸೋವಿ ಆಗಲೇಬೇಕು. ಚೀಲದ ಅಂಗಡಿಯವನ ಕಡೆ, ಡಬ್ಬಿ ಅಂಗಡಿಯವನ ಕಡೆ ರೇಟು ಬರದು ಹಚ್ಚಿರತಾರ, ಅಲ್ಲೆ ನಮ್ಮ ಮಾತು ನಡಿಯೂದಿಲ್ಲ. ನಡಿಯೂದು ವೈನಿ ಕಡೆ ಅಷ್ಟ. ಯಾಕಂದ್ರ ಅವರು ನಮ್ಮವರು, ಸಂಕೋಚದವರು. ನಮ್ಮ ಅರವತ್ತು ಪಾಕೀಟಿನ ದೊಡ್ಡಸ್ತಿಕಿ ಅವರ ಬಟ್ಟಿನ ಮ್ಯಾಲೆ ನಿಂತದ.

ನನ್ನ ಮಗಳು ಮೊಬೈಲ್‌ನಾಗ ತೋರಿಸಿದ್ಲು, ಇಟಲಿಯೊಳಗ ಸುಲ್ಮೋನಾ ಅಂತ ಊರದಂತ. ಬದಾಮಿಗೆ ಹಿಂಗs ಸಕ್ರಿ ಮ್ಯಾಲೆ ಸಕ್ರಿ ಹೊದಿಸೂದಕ್ಕ ಹೆಸರಾದ ಊರು. ಅಲ್ಲೆ ಮದುವಿಗೆ ಬಂದವರಿಗೆ ಆ ಸಕ್ರಿ ಬದಾಮಿ ಕೊಡತಾರ. ಎಷ್ಟು? ಐದು. ಎಣಿಸಿ ಐದು ಬದಾಮಿ. ಮದುವಿ ಮನಿಯವರು ಐದು ಕೊಟ್ಟು ಮರ್ಯಾದಿ ಉಳಿಸಕೋತಾರ, ನಾವು ಹಬ್ಬದ ದಿನಾ ಚಿಟಿಕಿ ಕೊಟ್ರ ಮರ್ಯಾದಿ ಹೋಗತದೇನು? ಜಪಾನದಾಗಂತೂ ನಮ್ಮ ಕುಸರೆಳ್ಳಿನ ಖಾಸಾ ತಂಗೀನೇ ಇದ್ದಾಳ, ಕೊಂಪೇತೊ ಅಂತ ಹೆಸರು, ಮೈತುಂಬ ಮುಳ್ಳು. 16ನೇ ಶತಮಾನದಾಗ ಪೋರ್ತುಗೀಸರು ಅಲ್ಲಿಗೆ ಮುಟ್ಟಿಸಿದ್ದು. ಈಗ ಬಿಸಿ ಮಾಡಿದ ದೊಡ್ಡ ಬಾಣಲಿ ಮಶಿನ್‌ಲೇ ತಿರಗತಾವ, ಆದ್ರೂ ಪದ್ಧತಿಶೀರ ಮಾಡಲಿಕ್ಕೆ ಹೆಚ್ಚೂ ಕಡಿಮಿ ಎರಡು ವಾರ ಹಿಡೀತದ. ಮಶಿನ್ ಬಂದ್ರೂ ಹೊತ್ತು ಬಿಟ್ಟಿಲ್ಲ ನೋಡ್ರಿ.

ಈ ಮಾತು ಮೊನ್ನೆ ನಮ್ಮ ನೆಗೆಣ್ಣಿ ಮುಂದ ತಗದೆ. ಆಕಿ ಒಪ್ಪಲಿಲ್ಲ. "ಹಬ್ಬದ ತಿನಸಿಗೂ ತಾಸಿನ ಲೆಕ್ಕಾ ಹಚ್ಚಿದ್ರ ಅದು ಪ್ರೀತಿ ಹೆಂಗಾತು? ವ್ಯಾಪಾರ ಆತಲ್ಲಾ" ಅಂದ್ಲು. ಆಕಿ ಮಾತಿನಾಗ ಸತ್ಯ ಇಲ್ಲಂತಲ್ಲ. ನಮ್ಮ ಅಜ್ಜಿ ಯಾರ ಕಡೇನೂ ರೊಕ್ಕಾ ತಗೊಂಡಿಲ್ಲ. ಆದ್ರ ಅಜ್ಜಿ ಮಾಡೂ ಮುಂದ ಮನಿ ಹೆಣ್ಮಕ್ಕಳೆಲ್ಲಾ ಸುತ್ತ ಕೂತು ಸರದಿ ಮ್ಯಾಲೆ ಆಡಸತಿದ್ರು. ಒಬ್ಬಾಕಿ ಪಾಕ ನೋಡೂದು, ಒಬ್ಬಾಕಿ ಆಡಸೂದು, ಒಬ್ಬಾಕಿ ಎಲ್ಲಾರಿಗೂ ಚಹಾ ಮಾಡೂದು. ಪ್ರೀತಿ ಅಂದ್ರ ಅದು. ಮತ್ತೊಬ್ಬರ ಮನ್ಯಾಗ ಒಬ್ಬಾಕೀನs ಕೂತು ಮಾಡಿದ್ದನ್ನ ಅರ್ಧ ದರಕ್ಕ ತಂದು, ನಮ್ಮ ಹೆಸರಿನ ಚೀಟಿ ಹಚ್ಚಿ ಹಂಚೂದಕ್ಕ ಪ್ರೀತಿ ಅಂತ ನನಗಂತೂ ಅನ್ನಲಿಕ್ಕಾಗೂದಿಲ್ಲ. ಪ್ರೀತಿಲೇ ಬೇಕಾದ್ರ ಹೋಗಿ ಅವರ ಬಾಜೂಕ ಕೂತು ಎರಡು ತಾಸು ಆಡಸಿ ಬರ್ರಿ. ಬ್ಯಾಡಾದ್ರ ಅವರು ಹೇಳಿದ ರೊಕ್ಕಾ ಕೊಡ್ರಿ. ನಡುವಿನ ಮೂರನೇ ದಾರಿ ಒಂದದ, ಅದು ನಾ ಹೋದ ದಾರಿ, ಅದನ್ನ ಹಿಡಿಯಬ್ಯಾಡ್ರಿ. ಒಳ್ಳೇ ಮಾತಾಡೋಣು ಅಂತ ಕೊಡೂ ಕಾಳಿಗೆ ಕೆಟ್ಟ ಮಾತಾಡಿ ರೇಟು ಇಳಿಸಿದಾಕಿ ನಾ.

ರೊಕ್ಕದ ಅಡಚಣಿ ಇದ್ದವರು, ಹೊತ್ತಿಲ್ಲದವರು ಏನು ಮಾಡಬೇಕು ಅಂತ ಕೇಳತೀರಿ. ಸಕ್ರಿ ಶೇಂಗಾ ಮಾಡ್ರಿ. ಎರಡು ವಾಟಗಾ ಶೇಂಗಾ, ಒಂದು ವಾಟಗಾ ಸಕ್ರಿ, ಅರ್ಧ ವಾಟಗಾ ನೀರು, ಎಲ್ಲಾ ಕೂಡೇ ದಪ್ಪ ಬುಡದ ಬಾಣಲ್ಯಾಗ ಹಾಕಿ ನಡು ಉರಿ ಮ್ಯಾಲೆ ತಿರುವಕೋತ ಇರ್ರಿ. ಶೇಂಗಾ ಹಸೀವು ಇದ್ರೂ ನಡೀತದ, ಅದರಾಗೇ ಹುರೀತಾವ. ನೀರು ಆರಿ, ಪಾಕ ದಪ್ಪಾಗಿ, ಒಮ್ಮಿಂದೊಮ್ಮೆಲೇ ಸಕ್ರಿ ಉಸುಕಿನಂಗ ಆಗಿ ಕಾಳಿಗೆ ಹತ್ತತದ. ಕೆಟ್ಟು ಹೋತು ಅಂತ ಗಾಬರಿ ಆಗಬ್ಯಾಡ್ರಿ, ಅದ ಬೇಕಾದದ್ದು. ಉರಿ ಸಣ್ಣ ಮಾಡಿ ಇನ್ನಷ್ಟು ತಿರುವಿ, ಒಂದು ಕಾಳು ಆರಿಸಿ ಕಡದು ನೋಡಿ, ಹಸಿ ವಾಸನಿ ಹೋಗಿದ್ರ ಇಳಿಸ್ರಿ. ಹೊಳಪು ಬೇಕಾದವರು ಹಂಗs ಮುಂದುವರಿಸಿದ್ರ ಸಕ್ರಿ ಮತ್ತ ಕರಗಿ ಕೆಂಪಗಾಗತದ, ಆದ್ರ ಆಗ ಒಲಿ ಬಿಟ್ಟು ಅಲ್ಲಾಡಬಾರದು, ಕಣ್ಣು ಮುಚ್ಚಿ ತಗಿಯೂದ್ರಾಗ ಕಹಿ ಆಗತದ. ಕಡೀಕ ಚೂರು ಉಪ್ಪು, ಯಾಲಕ್ಕಿ ಪುಡಿ. ತಾಟಿನ ಮ್ಯಾಲೆ ಹರವಿ ಪೂರಾ ಆರಿದಮ್ಯಾಲೇ ಡಬ್ಬಿಗೆ ಹಾಕ್ರಿ, ಬಿಸಿ ಇದ್ದಾಗ ಮುಚ್ಚಿದ್ರ ಬೆವತು ಮೆತ್ತಗಾಗತಾವ. ಗೋಡಂಬಿಗೆ, ಬದಾಮಿಗೂ ಇದ ರೀತಿ. ಗೋಡಂಬಿ ಮಾತ್ರ ಲಗು ಹೊತ್ತತಾವ, ಉರಿ ಮದ್ಲಿಂದನೂ ಸಣ್ಣ ಇರಲಿ. ಇಪ್ಪತ್ತು, ಇಪ್ಪತ್ತೈದು ನಿಮಿಷದ ಕೆಲಸ. ಅರವತ್ತಲ್ಲ, ನೂರು ಮಂದಿಗೆ ಪಾಕೀಟು ಕಟ್ಟಬೇಕಂದ್ರೂ ಕಟ್ಟಬಹುದು. ನಮ್ಮ ಮನ್ಯಾಗ ಮಕ್ಕಳು ಕುಸರೆಳ್ಳಿಗಿಂತಾ ಇದನ್ನೇ ಹೆಚ್ಚು ತಿಂತಾರ, ಅತ್ತಿಯವರ ಮುಂದ ಹೇಳಬ್ಯಾಡ್ರಿ.

ನಾ ಈ ಸಲ ಹಂಗs ಮಾಡೂದು. ದೂರದವರಿಗೆ, ಆಫೀಸಿನವರಿಗೆ ಸಕ್ರಿ ಶೇಂಗಾ. ಮನಿಗೆ ಬಂದವರಿಗೆ ಒಂದು ಚಿಟಿಕಿ ಕುಸರೆಳ್ಳು, ಅದು ಮಾತ್ರ ವೈನಿದು.

ಹೌದು, ಹೋಗಿ ಬಂದೆ. ನನ್ನ 300 ಗ್ರಾಮಿನ ಡಬ್ಬಿ ಮುಚ್ಚಿ ಇಟ್ಟಿದ್ದೆ, ಅದರಾಗಿಂದ ಒಂದು ವಾಟಗಾ ತಗೊಂಡು ಹೋಗಿ ಅವರ ಮುಂದ ಇಟ್ಟು, "ವೈನಿ, ಹೋದ ವರ್ಷ ನಾನೇ ಮಾಡಿ ನೋಡಿದೆ" ಅಂದೆ. ಅವರು ಒಂದು ಕಾಳು ಎತ್ತಿ ಬೆಳಕಿಗೆ ಹಿಡದು, "ಪಾಕ ದಪ್ಪ ಆಗೇದ" ಅಂದ್ರು. ಆಮ್ಯಾಲೆ ನನ್ನ ಬಟ್ಟು ನೋಡಿದ್ರು. ಆಗಿನ ಸುಟ್ಟ ಕಲಿ ಎಲ್ಲಿಂದ ಇರಬೇಕು, ಆದ್ರೂ ನೋಡಿದ್ರು. 500ರ ಮಾತು ನಾ ತಗದೆ, ಅವರು "ಬಿಡ್ರಿ ಅದನ್ನ" ಅಂದು ಚಹಾಕ್ಕ ಇಟ್ರು.

ಈ ವರ್ಷ ಎರಡೇ ಕಿಲೋ ಮಾಡತಾರಂತ, ಕೈ ನೋಯತದ, ಹೆಚ್ಚಿಗೆ ಆಗೂದಿಲ್ಲ. ದರ ಕಿಲೋಕ್ಕ 800. ಪಾವ ಕಿಲೋ ನಂದು ಹೋತು, ಪಾವ ಕಿಲೋ ನಮ್ಮ ಮೌಶಿದು. ಉಳದದ್ದು ಒಂದೂವರಿ ಕಿಲೋ. ಬೇಕಾದವರು ಧನುರ್ಮಾಸ ಹಿಡಿಯೂದ್ರೊಳಗ ನನಗ ಹೇಳ್ರಿ, ಅವರಿಗೆ ಮುಟ್ಟಸತೀನಿ. ರೊಕ್ಕಾ ಮೊದಲೇ ಕೊಡಬೇಕು, ಇದು ಅವರ ಮಾತಲ್ಲ, ನಂದು. ದರ ಕಡಿಮಿ ಮಾಡಸು ಅಂತ ಮಾತ್ರ ನನಗ ಫೋನ್ ಮಾಡಬ್ಯಾಡ್ರಿ.