ರಕ್ತದಿಂದ ನರ: ವಿದ್ಯೆ ನಿಜ, ಅಂಗಡಿ ಸುಳ್ಳು

ಮಿದುಳಿನ ನರಕೋಶ ಸತ್ತರೆ ಸತ್ತಂತೆಯೇ. ಲಕ್ವ ಹೊಡೆದು ಮಲಗಿದ ಗಿರಣಿ ಕೆಲಸಗಾರನ ಮನೆಯವರಿಗೆ ಈ ಮಾತನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದುದರಿಂದ ರಕ್ತದಿಂದಲೇ ನರವನ್ನು ಬೆಳೆಸಬಹುದೆಂಬ ಸುದ್ದಿಗೆ ಜನ ಕಿವಿಗೊಡುವುದು ಸಹಜ. ಅದರಲ್ಲಿ ಸತ್ಯವೆಷ್ಟು, ವ್ಯಾಪಾರವೆಷ್ಟು ಎಂದು ಬೇರ್ಪಡಿಸಿ ಹೇಳುವುದು ನಮ್ಮ ಕರ್ತವ್ಯ.

ಸತ್ಯ ಇಷ್ಟು. ಮೈಯ ಬಹುತೇಕ ಜೀವಕೋಶಗಳಲ್ಲಿರುವ ಜೀನುಗಳು ಒಂದೇ. ಯಾವುದು ದುಡಿಯಬೇಕು, ಯಾವುದು ಸುಮ್ಮನಿರಬೇಕು ಎಂಬುದರಲ್ಲಿ ಮಾತ್ರ ವ್ಯತ್ಯಾಸ. ನಾಲ್ಕು ಜೀನುಗಳನ್ನು ಸೇರಿಸಿದರೆ ಇಲಿಯ ಬೆಳೆದ ಕೋಶವೂ ಭ್ರೂಣದ ಕೋಶದಂತಾಗುವುದೆಂದು ಜಪಾನಿನ ಶಿನ್ಯಾ ಯಮನಾಕಾ 2006ರಲ್ಲಿ ತೋರಿಸಿದರು. 2012ರ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದರು. 2018ರ ಡಿಸೆಂಬರಿನಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನ ಕ್ಯಾನ್ಸರ್ ಸಂಶೋಧನ ಕೇಂದ್ರದ ಆಂಡ್ರಿಯಾಸ್ ಟ್ರುಂಪ್ ಅವರ ತಂಡ ಇನ್ನೊಂದು ಸಾಧನೆಯನ್ನು ಪ್ರಕಟಿಸಿತು. ಬೆಳೆದ ಮನುಷ್ಯನ ರಕ್ತಕೋಶಗಳಿಗೆ ಬೇರೊಂದು ಜೊತೆಯ ನಾಲ್ಕು ಜೀನುಗಳನ್ನು ಸೇರಿಸಿ, ಭ್ರೂಣಸ್ಥಿತಿಯ ಬಳಸುದಾರಿ ಹಿಡಿಯದೆ, ನೇರವಾಗಿ ನರದ ಕಾಂಡಕೋಶಗಳನ್ನು ಪಡೆದಿತ್ತು. ಅವು ಪ್ರಯೋಗಶಾಲೆಯ ತಟ್ಟೆಯಲ್ಲಿ ಹೆಚ್ಚುತ್ತ ಹೋಗುತ್ತವೆ. ಮಿದುಳಿನ ನರಕೋಶಗಳೂ ಮೈಯ ಉಳಿದ ಭಾಗದ ನರಕೋಶಗಳೂ ಅವುಗಳಿಂದ ಹುಟ್ಟುತ್ತವೆ. ರೋಗಿಯ ಸ್ವಂತ ಕೋಶಗಳಾದರೆ ಮೈ ಅವನ್ನು ತಿರಸ್ಕರಿಸುವ ಭಯವೂ ಕಡಮೆ.

ಆದರೆ ಇದು ಪ್ರಯೋಗಶಾಲೆಯ ಗೆಲುವು, ಔಷಧವಲ್ಲ. ಹೆಚ್ಚುವ ಗುಣವುಳ್ಳ ಕೋಶ ಗಡ್ಡೆಯೂ ಆಗಬಲ್ಲದು. ಆ ಪರೀಕ್ಷೆಗೆ ವರ್ಷಗಳೇ ಬೇಕು.

ವ್ಯಾಪಾರಿಗಳಿಗೆ ಅಷ್ಟು ತಾಳ್ಮೆಯಿಲ್ಲ. 'ಸ್ಟೆಮ್ ಸೆಲ್' ಎಂಬ ಹಲಗೆ ತೂಗುಹಾಕಿ, ಲಕ್ವಕ್ಕೂ ಬೆನ್ನುಹುರಿಯ ಪೆಟ್ಟಿಗೂ ಸೂಜಿಮದ್ದು ಕೊಟ್ಟು ಲಕ್ಷಗಟ್ಟಲೆ ಕೀಳುವವರಿದ್ದಾರೆ. ಒಪ್ಪಿಗೆ ಪಡೆದ ಪ್ರಯೋಗದ ಹೊರಗೆ ರೋಗಿಗೆ ಕಾಂಡಕೋಶ ಕೊಡುವುದು ಅನೈತಿಕ, ವೈದ್ಯವೃತ್ತಿಗೆ ದ್ರೋಹ ಎಂದು ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯ 2017ರ ಮಾರ್ಗಸೂಚಿ ಸ್ಪಷ್ಟವಾಗಿ ಹೇಳಿದೆ. ಬೇಳೆ ತೂಗುವಾಗ ಹತ್ತು ಗ್ರಾಂ ಕಡಮೆಯಾದರೆ ಕಿರಾಣಿ ಅಂಗಡಿಯವನಿಗೆ ದಂಡ. ಆಸೆಯನ್ನೇ ಕಳ್ಳತೂಕದಲ್ಲಿ ಮಾರುವವನಿಗೆ ದಂಡ ಬೇಡವೆ?

ಮನೆ ಅಡವಿಡುವ ಮುನ್ನ, ಪ್ರಾವಿಡೆಂಟ್ ಫಂಡ್ ತೆಗೆಯುವ ಮುನ್ನ, ಒಪ್ಪಿಗೆಯ ಪತ್ರ ತೋರಿಸಿರೆಂದು ಕೇಳಿರಿ. ಪ್ರಯೋಗವೆಂದು ಹೇಳಿ ಹಣ ಕೇಳಿದರೆ ಅದು ಪ್ರಯೋಗವಲ್ಲ, ವ್ಯಾಪಾರ.

ಹೈಡೆಲ್‌ಬರ್ಗಿನ ಕೇಂದ್ರ ನಡೆಯುವುದು ಬಹುಮಟ್ಟಿಗೆ ಸರಕಾರದ ಹಣದಿಂದ. ಎಂದರೆ ಅಲ್ಲಿಯ ದುಡಿಯುವವರ ತೆರಿಗೆಯಿಂದ. ಜನರ ಹಣದಿಂದ ಬೆಳೆದ ವಿದ್ಯೆ ಔಷಧವಾದ ದಿನ, ಅದು ಹಣವಂತರ ಆಸ್ಪತ್ರೆಯಲ್ಲೇ ನಿಲ್ಲಕೂಡದು. ಜಿಲ್ಲಾ ಆಸ್ಪತ್ರೆಯ ವಾರ್ಡಿಗೂ ಬರತಕ್ಕದ್ದು. ಅಲ್ಲಿಯವರೆಗೆ ನಮ್ಮ ರಕ್ತವನ್ನೂ ಗಳಿಕೆಯನ್ನೂ ನಾವೇ ಕಾಯ್ದುಕೊಳ್ಳಬೇಕು.